ಹೊಟ್ಟೆಯಲ್ಲಿ ಹಾಕಿಕೊಂಡದ್ದು

ಎಸ್ತರವ್ವ ನನ್ನ ಪಕ್ಕದ ಮನೆಯವಳು. ಎರಡು ಮನೆಗಳ ನಡುವೆ ಇರುವುದು ಒಂದೇ ಗೋಡೆ. ಬೆಳಿಗ್ಗೆ ಅವಳು ಚಹಾಕ್ಕೆ ಒಲೆ ಹಚ್ಚಿದ್ದು ನನಗೆ ಕೇಳುತ್ತದೆ, ನಾನು ಟಿವಿಯ ವಾರ್ತೆಗೆ ಬೈದದ್ದು ಅವಳಿಗೆ ಕೇಳುತ್ತದೆ. ಹುಬ್ಬಳ್ಳಿಯ ಗದಗ ರಸ್ತೆಯ ಹಿಂದಿನ ನಮ್ಮ ಓಣಿಯಲ್ಲಿ ಹಿಂದೆ ಚರ್ಚಿಗೆ ಹೋಗುವ ಮನೆಗಳು ಸಾಲಾಗಿದ್ದವು. ಈಗ ಉಳಿದವರಲ್ಲಿ ಒಂಟಿ ಹೆಂಗಸರು ನಾವಿಬ್ಬರೇ. ನಾನು ಕನ್ನಡ ಸಾಲೆಯ ಟೀಚರಾಗಿ ನಿವೃತ್ತಳಾದವಳು, ಬಾಯಿ ಜೋರು. ಅವಳು ಹೆರಿಗೆ ಆಸ್ಪತ್ರೆಯೊಂದರಲ್ಲಿ ಆಯಾ ಆಗಿದ್ದವಳು, ಮಾತು ಕಡಿಮೆ. ಹುಬ್ಬಳ್ಳಿಯ ಅರ್ಧ ಮಂದಿಯ ಮೊದಲ ಸ್ನಾನ ತನ್ನ ಕೈಯಲ್ಲೇ ಆಗಿದೆ ಎಂದು ಮಾತ್ರ ಆಗಾಗ ಹೇಳಿಕೊಳ್ಳುತ್ತಾಳೆ. ನಾನು ಕಾಲು ಭಾಗಕ್ಕೆ ಒಪ್ಪಿಕೊಂಡಿದ್ದೇನೆ.

ಅವಳ ತಂದೆ ಮಿಷನ್ ಸಾಲೆಯ ಮಾಸ್ತರರು. ತಾಯಿ ಬೇಗ ತೀರಿಕೊಂಡಳು. ಎಸ್ತರವ್ವನಿಗೆ ಜಡೆ ಹಾಕಿದವಳು, ಜ್ವರ ಬಂದಾಗ ಹಣೆಗೆ ಒದ್ದೆ ಬಟ್ಟೆ ಇಟ್ಟವಳು, ಸಾಲೆಯಲ್ಲಿ ಹೊಡೆದ ಹುಡುಗನನ್ನು ಓಣಿಯ ತುದಿಯವರೆಗೆ ಅಟ್ಟಿಸಿಕೊಂಡು ಹೋದವಳು ಅಕ್ಕ ಪ್ರಭಾವತಿ. ಅಕ್ಕನಿಗೆ ಧಾರವಾಡದ ಮಾಳಮಡ್ಡಿಯ ಮನೆಗೆ ಮದುವೆಯಾಯಿತು. ತಂಗಿಗೂ ಒಂದು ಸಂಬಂಧ ಕೂಡಿ ಬಂದಿತ್ತು, ಅದೇ ವರ್ಷ ತಂದೆಗೆ ಲಕ್ವಾ ಹೊಡೆಯಿತು. ಸಂಬಂಧದವರು ಒಂದಿಷ್ಟು ದಿನ ಕಾದರು, ಆಮೇಲೆ ಬೇರೆ ಕಡೆ ನೋಡಿಕೊಂಡರು. ತಂದೆ ಹಾಸಿಗೆಯಲ್ಲೇ ಹದಿನಾಲ್ಕು ವರ್ಷ ಬದುಕಿದರು. ಅವರು ಹೋದಮೇಲೆ ಎಸ್ತರವ್ವನಿಗೆ ಮನೆಯಲ್ಲಿ ಮಾತಾಡಲು ಯಾರೂ ಇರಲಿಲ್ಲ. ಹಬ್ಬಕ್ಕೆ, ಬೇಸರಕ್ಕೆ, ಜಗಳಕ್ಕೆ ಎಲ್ಲದಕ್ಕೂ ಇದ್ದವಳು ಧಾರವಾಡದ ಅಕ್ಕ. ಅಕ್ಕನ ಮಗಳು ವಿದ್ಯಾ ರಜೆಯಲ್ಲಿ ಬಂದರೆ ಗೋಡೆಯಾಚೆಯ ನಗು ನನ್ನ ಮನೆಗೂ ಕೇಳುತ್ತಿತ್ತು. ಆ ಹುಡುಗಿ ಎಸ್ತರವ್ವನನ್ನು ಚಿಗವ್ವ ಎಂದು ಕರೆಯುತ್ತಿದ್ದ ದನಿ ನನಗಿನ್ನೂ ನೆನಪಿದೆ.

ನಮ್ಮ ಚರ್ಚಿನಲ್ಲಿ ತಿಂಗಳಿಗೊಮ್ಮೆ, ಮೊದಲ ಭಾನುವಾರ, ಕರ್ತನ ಭೋಜನ. ಯೇಸು ನಮ್ಮ ಪಾಪಕ್ಕಾಗಿ ಪ್ರಾಣ ಕೊಟ್ಟದ್ದನ್ನು ನೆನೆದು, ವೇದಿಕೆಯ ಮುಂದಿನ ಕಟಕಟೆಗೆ ಮೊಣಕಾಲೂರಿ, ಒಂದು ತುಣುಕು ರೊಟ್ಟಿ, ಒಂದು ಗುಟುಕು ದ್ರಾಕ್ಷಾರಸ ತೆಗೆದುಕೊಳ್ಳುತ್ತೇವೆ. ಆ ರೊಟ್ಟಿ ಮಾಡುವವಳು ಎಸ್ತರವ್ವ. ಶನಿವಾರ ಮಧ್ಯಾಹ್ನ ಬಾಗಿಲು ಹಾಕಿಕೊಂಡು ಹಿಟ್ಟು ನಾದಿ, ಹುಳಿ ಬರದಂತೆ ತಕ್ಷಣ ಲಟ್ಟಿಸಿ, ಸಣ್ಣ ಉರಿಯಲ್ಲಿ ಬೇಯಿಸುತ್ತಾಳೆ. ವಿಜಯಪುರದ ಕರೀ ಒಣದ್ರಾಕ್ಷಿಯನ್ನು ಕುದಿಸಿ, ಹಿಂಡಿ, ಬಿಳಿ ಬಟ್ಟೆಯಲ್ಲಿ ಸೋಸಿ ರಸ ತೆಗೆಯುತ್ತಾಳೆ. ಆ ಹೊತ್ತಿನಲ್ಲಿ ನನಗೆ ಅವಳ ಅಡಿಗೆಮನೆಗೆ ಪ್ರವೇಶವಿಲ್ಲ. ನಾನು ಬಾಯಿ ಬಿಟ್ಟರೆ ಹಿಟ್ಟು ಉಬ್ಬುತ್ತದೆ ಎಂಬುದು ಅವಳ ಅಭಿಪ್ರಾಯ.

ಇಷ್ಟು ಶ್ರದ್ಧೆಯಿಂದ ಮಾಡುವವಳು ನಾಲ್ಕು ವರ್ಷದಿಂದ ಆ ರೊಟ್ಟಿಯನ್ನು ಬಾಯಿಗೆ ಹಾಕಿರಲಿಲ್ಲ. ನಮ್ಮ ಸಾಲಿನ ಸರದಿ ಬಂದಾಗ ಮೊಣಕಾಲು ಒಂದು ಕಡೆ ಸರಿಸಿ ನಮಗೆ ದಾರಿ ಬಿಡುತ್ತಿದ್ದಳು. ಎಲ್ಲರೂ ಎದ್ದುಹೋದ ಬೆಂಚಿನ ಮೇಲೆ ತಾನೊಬ್ಬಳೇ, ಕೈ ತೊಡೆಯ ಮೇಲೆ, ಕಣ್ಣು ನೆಲದ ಮೇಲೆ. ಒಮ್ಮೆ ಯಾಕೆಂದು ಕೇಳಿದೆ. ಹಲ್ಲು ನೋಯುತ್ತಿದೆ ಎಂದಳು. ನಾಲ್ಕು ವರ್ಷ ನೋಯುವ ಹಲ್ಲನ್ನು ನಾನೆಲ್ಲೂ ಕಂಡಿಲ್ಲ. ನನಗೆ ಸಿಟ್ಟು ಬಂತು, ಮತ್ತೆ ಕೇಳಲಿಲ್ಲ.

ಹಲ್ಲಿನ ಹಿಂದಿನ ಕಥೆ ಕೊರೊನಾದ ಎರಡನೆಯ ಅಲೆಯದು. ಆಗ ನಾನು ಗದಗಿನಲ್ಲಿ ತಂಗಿಯ ಮನೆಯಲ್ಲಿ ಸಿಕ್ಕಿಬಿದ್ದಿದ್ದೆ, ಹಾಗಾಗಿ ಇದನ್ನೆಲ್ಲ ಬಹಳ ತಡವಾಗಿ ಅವಳ ಬಾಯಿಂದಲೇ ಕೇಳಿದ್ದು. ಧಾರವಾಡದಲ್ಲಿ ಮೊದಲು ವಿದ್ಯಾಳಿಗೆ ರೋಗ ಬಂತು. ಮನೆಯಲ್ಲಿದ್ದುದು ತಾಯಿ ಮಗಳಿಬ್ಬರೇ, ಎರಡು ಕೋಣೆ, ಒಂದು ಬಚ್ಚಲು. ವಯಸ್ಸಾದ ತಾಯಿ ಬೇರೆ ಕಡೆ ಇದ್ದರೆ ಒಳ್ಳೆಯದು ಎಂದು ನೆರೆಯವರು ಗಂಟುಬಿದ್ದರು. ಬಸ್ಸುಗಳ ಓಡಾಟ ನಿಂತಿತ್ತು. ಪ್ರಭಾವತಿ ಅಮರಗೋಳದ ಮಾರ್ಕೆಟಿಗೆ ತರಕಾರಿ ಒಯ್ಯುತ್ತಿದ್ದ ಒಂದು ಟೆಂಪೋ ಹತ್ತಿ ಬಂದು, ಅಲ್ಲಿಂದ ಮುಂದೆ ಬಿಸಿಲಲ್ಲಿ ನಡೆಯುತ್ತ, ಸಿಕ್ಕವರ ಸ್ಕೂಟರ್ ಹತ್ತುತ್ತ, ಮಧ್ಯಾಹ್ನಕ್ಕೆ ತಂಗಿಯ ಬಾಗಿಲಿಗೆ ಬಂದು ನಿಂತಳು. ನಿಂತವಳಿಗೆ ಕೆಮ್ಮು ಬಂತು.

ಎಸ್ತರವ್ವ ಕಿಟಕಿಯಿಂದ ನೋಡಿದಳು. ಆ ವಾರ ಓಣಿಯಿಂದ ಇಬ್ಬರನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಒಯ್ದಿದ್ದರು. ಅವಳ ಕೈ ಚಿಲಕದ ತನಕ ಹೋಯಿತು, ಅಲ್ಲೇ ನಿಂತಿತು. ದವಾಖಾನೆಗೆ ಹೋಗು ಅಕ್ಕಾ ಎಂದು ಕಿಟಕಿಯಿಂದ ಹೇಳಿದಳು. ಪ್ರಭಾವತಿ ಬಾಗಿಲ ಮುಂದಿನ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂತಳು. ನೀರು ಕೇಳಿದಳು. ಒಳಗಿನಿಂದ ಉತ್ತರ ಬರಲಿಲ್ಲ. ಎದ್ದು ಹೋದಳು.

ಎರಡನೆಯ ವಾರದಲ್ಲಿ ಪ್ರಭಾವತಿ ದವಾಖಾನೆಯಲ್ಲಿ ತೀರಿಕೊಂಡಳು. ಅದಕ್ಕೆ ಮೊದಲು ಒಮ್ಮೆ ಯಾರದೋ ಫೋನಿನಿಂದ ತಂಗಿಗೆ ಮಾತಾಡಿದ್ದಳು. ಎಸ್ತರವ್ವ ಅತ್ತು ತಪ್ಪಾಯಿತು ಎಂದಾಗ ಅಕ್ಕ ಏದುಸಿರಿನಲ್ಲಿ ಹೇಳಿದ್ದು ಒಂದೇ ಮಾತು: "ಇರ್ಲಿ ಬಿಡ, ಹೊಟ್ಯಾಗ ಹಾಕ್ಕೊಂಡೇನಿ."

ನಮ್ಮ ಕಡೆ ಯಾರೂ ಯಾರನ್ನೂ ಕ್ಷಮಿಸುವುದಿಲ್ಲ. ಕ್ಷಮಿಸುವುದು ಪುಸ್ತಕದ ಮಾತು, ಪ್ರಾರ್ಥನೆಯ ಮಾತು. ಮನೆಯಲ್ಲಿ, ಓಣಿಯಲ್ಲಿ ನಾವು ಹೊಟ್ಟೆಯಲ್ಲಿ ಹಾಕಿಕೊಳ್ಳುತ್ತೇವೆ. ಸೊಸೆಯ ತಪ್ಪನ್ನು ಅತ್ತೆ, ಮಗನ ತಪ್ಪನ್ನು ತಂದೆ, ಬಾಡಿಗೆಯವರ ಗದ್ದಲವನ್ನು ಮನೆಯ ಮಾಲಕರು. ಅದರ ಅರ್ಥ ಮುಗಿಯಿತು, ಬಿಡು ಎಂದು. ಯಾರೂ ಅದನ್ನು ಅಗೆದು ನೋಡುವುದಿಲ್ಲ. ಎಸ್ತರವ್ವ ನೋಡಿದಳು. ಮೂವತ್ತು ವರ್ಷ ಬಸುರಿಯರ ಮಂಚದ ಪಕ್ಕದಲ್ಲಿ ನಿಂತವಳಿಗೆ ಹೊಟ್ಟೆ ಎಂದರೆ ಬರಿಯ ಮಾತಲ್ಲ. ಒಳಗಿದ್ದದ್ದು ಹೊರಗೆ ಬರಬೇಕು, ಬಾರದಿದ್ದರೆ ತಾಯಿಯನ್ನೇ ತಿನ್ನುತ್ತದೆ ಎಂದು ಅವಳಿಗೆ ಗೊತ್ತು. ಅಕ್ಕ ತಂಗಿಯ ತಪ್ಪನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಮಣ್ಣಿಗೆ ಹೋದಳು. ಕಡೆಯ ದಿನ ಸತ್ತವರೆಲ್ಲ ಎದ್ದು ಕರ್ತನ ಮುಂದೆ ನಿಲ್ಲುವಾಗ ಅಕ್ಕ ಅದನ್ನು ಹೊತ್ತುಕೊಂಡೇ ಏಳುತ್ತಾಳೆ. ಅಲ್ಲಿಯವರೆಗೆ ದೇವರು ತಾನೆ ಹೇಗೆ ತಂಗಿಯ ತಪ್ಪನ್ನು ಅಳಿಸಿಯಾನು? ಇದು ಎಸ್ತರವ್ವನ ಲೆಕ್ಕಾಚಾರ. ಇಂಥ ಲೆಕ್ಕಾಚಾರದ ಜೊತೆಗೆ ಒಬ್ಬಳೇ ಒಂದು ಮನೆಯಲ್ಲಿ ನಾಲ್ಕು ವರ್ಷ ಇರುವುದೆಂದರೆ ಏನು ಎಂದು ಈಗ ಯೋಚಿಸಿದರೆ ನನಗೆ ಸಂಕಟವಾಗುತ್ತದೆ. ವಿದ್ಯಾ ಮಾತು ಬಿಟ್ಟಿದ್ದಳು. ಎಸ್ತರವ್ವ ಅವಳ ನಂಬರು ಒತ್ತಿ, ರಿಂಗಾಗುವ ಮೊದಲೇ ಕಟ್ ಮಾಡುತ್ತಿದ್ದಳಂತೆ. ಕ್ರಿಸ್‌ಮಸ್ಸಿಗೆ ಕರಚಿಕಾಯಿ ಮಾಡಿ ಡಬ್ಬಿಯಲ್ಲಿ ತುಂಬಿ, ಯಾರೂ ಬಾರದೆ ಮೆತ್ತಗಾದ ಮೇಲೆ ನನಗೆ ತಂದುಕೊಡುತ್ತಿದ್ದಳು. ನಾನು ಮೆತ್ತಗಾದದ್ದನ್ನು ಕೊಟ್ಟಳೆಂದು ಗೊಣಗುತ್ತಲೇ ತಿನ್ನುತ್ತಿದ್ದೆ.

ಕಳೆದ ವರ್ಷ ನಮಗೆ ಹೊಸ ಪಾಸ್ಟರ್ ಬಂದರು. ಕುಂದಾಪುರದ ಕಡೆಯವರು, ಎಳೆಯ ವಯಸ್ಸು, ಒಳ್ಳೆಯ ಮನಸ್ಸು. ಅವರ ಕನ್ನಡ ನಮಗೆ ಕಾಲುಭಾಗ ತಿಳಿಯುವುದಿಲ್ಲ, ನಮ್ಮದು ಅವರಿಗೆ ಅರ್ಧ. ರೊಟ್ಟಿ ಮಾಡುವವಳೇ ರೊಟ್ಟಿ ತೆಗೆದುಕೊಳ್ಳದ್ದನ್ನು ಅವರು ಗಮನಿಸಿ, ಒಂದು ಸಂಜೆ ಅವಳ ಮನೆಗೆ ಹೋಗಿ ಮೆಲ್ಲಗೆ ಕಾರಣ ಕೇಳಿದರು. ಬಹುಶಃ ಹೊಸಬರು ಎಂಬುದಕ್ಕೇ ಅವಳಿಗೆ ಬಾಯಿ ಬಂದಿರಬೇಕು.

"ನಮ್ಮಕ್ಕ ನಾ ಮಾಡಿದ್ದನ್ನ ಹೊಟ್ಯಾಗ ಹಾಕ್ಕೊಂಡು ಸತ್ಲ್ರಿ," ಎಂದಳು.

ಪಾಸ್ಟರ್ ಗಾಬರಿಯಾದರು. ನೀವು ಮಾಡಿದ್ದನ್ನೇ ಎಂದು ಕೇಳಿದರು. ಹೌದು ಎಂದಳು. ಬೇರೆ ಯಾರಿಗಾದರೂ ಗೊತ್ತೇ ಎಂದರು. ಅಕ್ಕನ ಮಗಳಿಗೆ ಗೊತ್ತು, ಅದಕ್ಕೇ ಅವಳು ಮಾತು ಬಿಟ್ಟಿದ್ದಾಳೆ ಎಂದಳು. ಪಾಸ್ಟರ್ ಚಹಾದ ಲೋಟವನ್ನು ಮುಟ್ಟದೆ, ಪ್ರಾರ್ಥನೆ ಮಾಡಿ ಎದ್ದು ಹೋದರು. ಅವರಿಗೆ ತಿಳಿದದ್ದು ಇಷ್ಟು: ಈ ಹೆಂಗಸು ಏನನ್ನೋ ಬೇಯಿಸಿ ಅಕ್ಕನಿಗೆ ತಿನ್ನಿಸಿದ್ದಾಳೆ, ಅದನ್ನು ತಿಂದು ಅಕ್ಕ ಸತ್ತಿದ್ದಾಳೆ, ಮತ್ತು ಇವಳೇ ತಿಂಗಳು ತಿಂಗಳು ಇಡೀ ಸಭೆಗೆ ರೊಟ್ಟಿ ಬೇಯಿಸುತ್ತಿದ್ದಾಳೆ.

ಆ ಶನಿವಾರ ಪಾಸ್ಟರ್ ಹೇಳಿಕಳಿಸಿದರು, ಈ ಸಲ ಎಸ್ತರವ್ವ ವಿಶ್ರಾಂತಿ ತೆಗೆದುಕೊಳ್ಳಲಿ ಎಂದು. ಭಾನುವಾರ ಬೇಕರಿಯ ಬ್ರೆಡ್ಡು ಬಂತು, ಸಿಹಿ ಸಿಹಿ. ನಾನು ಮುಖ ಸಿಂಡರಿಸಿದೆ. ಎಸ್ತರವ್ವ ಬೆಂಚಿನ ಮೇಲೆ ಇನ್ನಷ್ಟು ಕುಗ್ಗಿ ಕೂತಿದ್ದಳು. ತನ್ನ ಪಾಪವನ್ನು ಹೇಳಿಕೊಂಡ ವಾರವೇ ಕೈಯಿಂದ ಹಿಟ್ಟನ್ನೂ ಕಸಿದುಕೊಂಡರು. ಅವಳ ಪಾಲಿಗೆ ಅದು ದೇವರ ಉತ್ತರವೇ ಆಗಿತ್ತು. ಮರುದಿನದಿಂದ ಗೋಡೆಯಾಚೆ ಒಲೆಯ ಸದ್ದು ತಡವಾಗಿ ಕೇಳತೊಡಗಿತು, ಕೆಲವು ದಿನ ಕೇಳಲೇ ಇಲ್ಲ. ನಾನು ಸಾರು ಒಯ್ದುಕೊಟ್ಟರೆ ಬಾಗಿಲಲ್ಲೇ ತೆಗೆದುಕೊಂಡು, ತೊಳೆದ ಪಾತ್ರೆಯನ್ನು ಕಟ್ಟೆಯ ಮೇಲಿಟ್ಟು ಹೋಗುತ್ತಿದ್ದಳು.

ಪಾಸ್ಟರ್ ಪೊಲೀಸರ ಹತ್ತಿರ ಹೋಗಲಿಲ್ಲ, ಅಷ್ಟು ಪುಣ್ಯ. ಧಾರವಾಡದ ಪಾಸ್ಟರಿಗೆ ಫೋನ್ ಮಾಡಿ, ಪ್ರಭಾವತಿ ಎಂಬವರು ಹೇಗೆ ತೀರಿಕೊಂಡರು, ಮಗಳನ್ನು ನಾಜೂಕಾಗಿ ವಿಚಾರಿಸಿ ಎಂದರು. ಧಾರವಾಡದವರ ನಾಜೂಕು ಎಂಥದ್ದೋ, ನೇರ ವಿದ್ಯಾಳ ಮನೆಗೆ ಹೋಗಿ, ನಿಮ್ಮ ಚಿಗವ್ವ ನಿಮ್ಮ ತಾಯಿಗೆ ಏನಾದರೂ ತಿನ್ನಲು ಕೊಟ್ಟಿದ್ದರೇ ಎಂದು ಕೇಳಿದರು.

ಮರುದಿನ ಬೆಳಿಗ್ಗೆಯೇ ವಿದ್ಯಾ ಹುಬ್ಬಳ್ಳಿಗೆ ಬಂದಿಳಿದಳು. ಗೋಡೆಯಾಚೆ ನಾಲ್ಕು ವರ್ಷದಲ್ಲಿ ಮೊದಲ ಸಲ ಜೋರು ದನಿ ಕೇಳಿ ನಾನು ಸೌಟು ಹಿಡಿದುಕೊಂಡೇ ಓಡಿದೆ. ಹುಡುಗಿ ನಡುಮನೆಯಲ್ಲಿ ಚಪ್ಪಲಿ ಸಹಿತ ನಿಂತಿದ್ದಳು.

"ಉಣ್ಣಾಕ ಕೊಟ್ಟಿದ್ದಿ ಅಂತ ಹೇಳ್ಕೊಂಡು ತಿರಗಾಕತ್ತೀಯಂತಲ್ಲ ಚಿಗವ್ವ," ಎನ್ನುತ್ತಿದ್ದಳು. "ಒಂದ ತಂಬಿಗಿ ನೀರ ಕೊಟ್ಟಿದ್ದಿಲ್ಲ ನೀ. ಒಂದ ತಂಬಿಗಿ ನೀರ."

ಎಸ್ತರವ್ವ ಗೋಡೆಗೆ ಒರಗಿ, ನಾನೆಲ್ಲಿ ಹಾಗೆ ಹೇಳಿದೆ ಎಂದು ಮತ್ತೆ ಮತ್ತೆ ಅನ್ನುತ್ತಿದ್ದಳು. ನಾನು ಇಬ್ಬರನ್ನೂ ಕೂಡಿಸಿದೆ, ಸಾಲೆಯಲ್ಲಿ ಜಗಳಾಡಿದ ಹುಡುಗರನ್ನು ಕೂಡಿಸಿದ ಹಾಗೆ. ಪಾಸ್ಟರಿಗೆ ನೀನು ಏನು ಹೇಳಿದೆ, ಅಂದ ಹಾಗೆಯೇ ಹೇಳು ಎಂದೆ. ಹೇಳಿದಳು. ಆಗ ಕಿಟಕಿ, ಚಿಲಕ, ನೀರು, ಫೋನು ಎಲ್ಲ ಹೊರಗೆ ಬಂತು. ಅಕ್ಕನ ಹೊಟ್ಟೆಯಲ್ಲಿ ಅದು ಇನ್ನೂ ಇದೆ, ಮಣ್ಣಿನಲ್ಲಿ ಇದೆ ಎಂಬುದೂ ಬಂತು. ಕೇಳಿ ನನಗೆ ಮೊದಲು ನಗು ಬಂತು, ಬೇಕರಿಯ ಸಿಹಿ ಬ್ರೆಡ್ಡಿನ ಗುಟ್ಟು ಹೊಳೆದು. ಮುಂದಿನ ಗಳಿಗೆಗೆ ಕಣ್ಣು ತುಂಬಿತು. ವಿದ್ಯಾ ನಗಲಿಲ್ಲ. ಚಪ್ಪಲಿ ಕಳಚಿ ಬಾಗಿಲ ಕಡೆ ಸರಿಸಿದಳು.

"ಅವ್ವ ನನಗ ಒಂದ ಮಾತ ಹೇಳಿದ್ಲು," ಎಂದಳು ಕಡೆಗೆ. "ಎಸ್ತರ ನನ್ನ ಬಾಗಲಕ್ಕ ಬಂದಿದ್ರ ನಾನೂ ತೆಗಿತಿದ್ದಿಲ್ಲ, ಮನ್ಯಾಗ ನೀ ಇದ್ದಿ. ನನ್ನ ಹೊಟ್ಯಾಗ ಏನೂ ಉಳದಿಲ್ಲ ಅಂತ ಅಕಿಗೆ ಹೇಳು ಅಂದ್ಲು."

ಎಸ್ತರವ್ವ ತಲೆಯೆತ್ತಿ ಹುಡುಗಿಯನ್ನು ನೋಡಿದಳು.

"ನಾ ಹೇಳಲಿಲ್ಲ. ಬೇಕಂತನ ಹೇಳಲಿಲ್ಲ. ನೀನೂ ಒಬ್ಬಾಕಿನ ಇರು, ಅವ್ವ ಹೊರಗ ಕುಂತಂಗ ಇರು ಅಂತ." ವಿದ್ಯಾ ಸೆರಗಿನಿಂದ ಮುಖ ಒರೆಸಿಕೊಂಡಳು. "ಹೊಟ್ಯಾಗ ಹಾಕ್ಕೋ ಚಿಗವ್ವ."

ಇಲ್ಲಿ ಇಬ್ಬರೂ ತಬ್ಬಿಕೊಂಡು ಅತ್ತರು ಎಂದು ಬರೆಯಲು ನನಗೂ ಆಸೆ. ಹಾಗಾಗಲಿಲ್ಲ. ಎಸ್ತರವ್ವನ ಮುಖ ಗಟ್ಟಿಯಾಗುತ್ತ ಹೋಯಿತು. ಅಕ್ಕ ಕಳಿಸಿದ ಒಂದು ಮಾತು ಧಾರವಾಡದಿಂದ ಹುಬ್ಬಳ್ಳಿಗೆ ಬರಲು ನಾಲ್ಕು ವರ್ಷ ಹಿಡಿದಿತ್ತು. ಅಷ್ಟೂ ದಿನ ಅವಳು ಉಂಡ ಅನ್ನ, ಕಳೆದ ಭಾನುವಾರಗಳು, ಮೆತ್ತಗಾದ ಕರಚಿಕಾಯಿ, ಎಲ್ಲ ಆ ಮುಖದ ಮೇಲೆ ಬಂದು ನಿಂತವು.

"ನನ್ನ ಹೊಟ್ಯಾಗ ಜಾಗಾ ಇಲ್ಲ ವಿದ್ಯಾ," ಎಂದಳು. "ನೀ ಹೋಗು ಇನ್ನ."

ಹುಡುಗಿ ಹೋದಳು. ನಾನು ಬಸ್‌ಸ್ಟಾಪಿನವರೆಗೆ ಜೊತೆಗೆ ನಡೆದೆ. ಹಿಂದಿರುಗುವಾಗ ಪಾಸ್ಟರ ಮನೆಗೆ ಹೋಗಿ, ನಮ್ಮ ಕಡೆಯ ಹೊಟ್ಟೆಯ ವ್ಯಾಕರಣವನ್ನು ಚಿಕ್ಕ ಮಕ್ಕಳಿಗೆ ಹೇಳುವಂತೆ ಬಿಡಿಸಿ ಹೇಳಿದೆ. ಸ್ವಲ್ಪ ಗಡಸಾಗಿಯೇ ಹೇಳಿದೆ. ಪಾಪ, ಅವರ ಮುಖ ಹಿಟ್ಟಿನಂತೆ ಬಿಳುಪಾಯಿತು.

ಅಂದು ಸಂಜೆಯೇ ಅವರು ಎಸ್ತರವ್ವನ ಮನೆಗೆ ಬಂದು, ಕೈ ಮುಗಿದು, ಮತ್ತೆ ರೊಟ್ಟಿ ಮಾಡಿಕೊಡಿ ಎಂದರು. ನಾನೂ ಅಲ್ಲಿದ್ದೆ. ತನ್ನ ಸಂಶಯ ಹೊಟ್ಟೆಯಲ್ಲಿ ಹಾಕಿಕೊಳ್ಳಬೇಕು ಎಂದು ಹೊಸದಾಗಿ ಕಲಿತ ಮಾತನ್ನು ಕುಂದಾಪುರದ ರಾಗದಲ್ಲಿ ಹೇಳಿದರು. ಎಸ್ತರವ್ವನಿಗೆ ಅವರ ಮೇಲೆ ಸಿಟ್ಟಿರಲಿಲ್ಲ. ಅವಳ ಚಿಂತೆ ಬೇರೆ ಇತ್ತು. ಅಕ್ಕನದು ತೀರಿತು, ಆದರೆ ಈಗ ವಿದ್ಯಾಳನ್ನು ನೆನೆದರೆ ಎದೆ ಉರಿಯುತ್ತದೆ, ಇಂಥ ಎದೆ ಇಟ್ಟುಕೊಂಡು ಹೇಗೆ ಕಟಕಟೆಗೆ ಹೋಗಲಿ, ಮೊದಲೇ ಒಳ್ಳೆಯವಳಿದ್ದೆ ಎಂದಳು. ಪಾಸ್ಟರ್ ಈ ಸಲ ಚಹಾದ ಲೋಟವನ್ನು ಖಾಲಿ ಮಾಡಿದರು. ಅದು ನನಗೆ ಹಿಡಿಸಿತು.

"ಅಮ್ಮಾ, ಮನುಷ್ಯರು ಹೊಟ್ಟೆಯಲ್ಲಿ ಇಟ್ಟುಕೊಳ್ತಾರೆ. ದೇವರು ಇಟ್ಟುಕೊಳ್ಳೋದಿಲ್ಲ," ಎಂದರು ಆಮೇಲೆ. "ಅವರ ಮಗ ಅದನ್ನು ಶಿಲುಬೆಗೆ ಹೊತ್ತುಕೊಂಡು ಹೋಗಿ ಮುಗಿಸಿಯಾಯ್ತು. ತೊಳೆದುಕೊಂಡು ಬನ್ನಿ ಅಂತ ಅವರು ಯಾರಿಗೂ ಹೇಳಲಿಲ್ಲ. ಬನ್ನಿ ಅಂದರು, ಅಷ್ಟೇ."

ಎಸ್ತರವ್ವ ಕೇಳಿಸಿಕೊಂಡಳು. ಒಪ್ಪಿದಳೋ ಇಲ್ಲವೋ ತಿಳಿಯಲಿಲ್ಲ. ನೋಡೂಣ್ರಿ ಎಂದಷ್ಟೇ ಅಂದಳು.

ಮುಂದಿನ ತಿಂಗಳ ಮೊದಲ ಶನಿವಾರ ಗೋಡೆಯಾಚೆ ಲಟ್ಟಣಿಗೆಯ ಸದ್ದು ಕೇಳಿತು. ಭಾನುವಾರ ಆರಾಧನೆಯಲ್ಲಿ ನಾನು ಪಾಠಕ್ಕಿಂತ ಅವಳನ್ನೇ ಹೆಚ್ಚು ಗಮನಿಸಿದೆ, ದೇವರು ನೋಡಿಕೊಳ್ಳಲಿ. ವಿದ್ಯಾ ಬಂದಿರಲಿಲ್ಲ. ಎಸ್ತರವ್ವ ಅವಳಿಗೆ ಫೋನ್ ಮಾಡಿರಲೂ ಇಲ್ಲ. ನಮ್ಮ ಸಾಲಿನ ಸರದಿ ಬಂದಾಗ ಅವಳು ಎಂದಿನಂತೆ ಮೊಣಕಾಲು ಸರಿಸಿದಳು. ನಾನು ದಾಟಿದೆ. ನಾಲ್ಕು ಹೆಜ್ಜೆ ಹೋದಮೇಲೆ ಹಿಂದೆ ಚಪ್ಪಲಿ ಬಿಟ್ಟ ಸದ್ದು ಕೇಳಿತು.

ಅವಳು ನನ್ನ ಎಡಗಡೆ ಮೊಣಕಾಲೂರಿದಳು. ಮಂಡಿ ನೋವಿನವಳು, ಕಟಕಟೆ ಹಿಡಿದು ನಿಧಾನವಾಗಿ ಕೂತಳು. ಮಕ್ಕಳನ್ನು ಮೀಯಿಸಿದ ಆ ಎರಡು ಕೈಗಳನ್ನು ಒಂದರ ಮೇಲೊಂದಿಟ್ಟು ಮುಂದೆ ಚಾಚಿದಳು. ಪಾಸ್ಟರ್ ತುಣುಕು ಇಟ್ಟು, ಇದು ನಿಮಗಾಗಿ ಎಂಬ ಮಾತು ಹೇಳಿ, ನನ್ನ ಕಡೆ ಬಂದರು. ಎಸ್ತರವ್ವ ತಿನ್ನಲಿಲ್ಲ. ತುಣುಕನ್ನೇ ನೋಡುತ್ತಿದ್ದಳು. ಆಮೇಲೆ ಹತ್ತಿರದವರಿಗೆ ಮಾತ್ರ ಕೇಳುವ ದನಿಯಲ್ಲಿ ಮಾತಾಡಿದಳು, ಆಸ್ಪತ್ರೆಯಲ್ಲಿ ಕೈ ಸೋತಾಗ ಕೂಸನ್ನು ಇನ್ನೊಬ್ಬ ಆಯಾಗೆ ದಾಟಿಸುವವಳ ಹಾಗೆ.

"ಯಪ್ಪಾ, ವಿದ್ಯಾಂದು ನನ್ನ ಕೈಲೆ ಆಗವಲ್ದು. ನಂದು ತಗೊಂಡೀಯಲ್ಲ, ಅದರ ಜೋಡಿ ಅಕೀದೂ ನೀನ ತಗೊಂಡುಬಿಡು."

ಇಷ್ಟು ಹೇಳಿ ರೊಟ್ಟಿಯನ್ನು ಬಾಯಿಗೆ ಹಾಕಿಕೊಂಡಳು. ಒಣಗಿದ ಬಾಯಿಗೆ ಅದು ಬೇಗ ಇಳಿಯಲಿಲ್ಲ, ಬಹಳ ಹೊತ್ತು ಅಗಿದಳು. ನನ್ನ ಕೈಯಲ್ಲೂ ಒಂದು ತುಣುಕು ಬಂದು ಬಿದ್ದಿತ್ತು. ನಲವತ್ತು ವರ್ಷದಿಂದ ಅದನ್ನು ತಿನ್ನುತ್ತ ಬಂದಿದ್ದೇನೆ, ಅಂದು ಮಾತ್ರ ಅವಳು ನುಂಗುವವರೆಗೆ ಕಾದೆ.